ನಮ್ಮ ಷಡ್ಡಕರ ಬ್ಯಾಕಪ್ ಶಾಸ್ತ್ರ

ಅವರ ಜನಿವಾರದಲ್ಲಿ ಬೀರುವಿನ ಕೀಲಿಯ ಪಕ್ಕ ಒಂದು ಪೆನ್‌ಡ್ರೈವ್ ನೇತಾಡುತ್ತಿತ್ತು. ಅಂಗಿ ಹಾಕದೆ ಪೇಪರ್ ಹಿಡಿದು ಕೂತಾಗ ಅದು ಹೊಟ್ಟೆಯ ಮೇಲೆ ಅತ್ತಿತ್ತ ಹೊರಳುತ್ತಿತ್ತು. ಸ್ನಾನಕ್ಕೆ ಹೋಗುವಾಗಲೂ ಬಿಚ್ಚುತ್ತಿರಲಿಲ್ಲ. ಕೇಳಿದರೆ, “ಜನಿವಾರ ತೆಗೆದಿಟ್ಟು ಯಾರಾದ್ರೂ ಸ್ನಾನ ಮಾಡ್ತಾರೇನಯ್ಯಾ?” ಎಂದು ನನ್ನನ್ನೇ ಗದರುತ್ತಿದ್ದರು. ಮನೆಗೆ ಬೆಂಕಿ ಬಿದ್ದರೂ ಮೈಮೇಲೊಂದು ಪ್ರತಿ ಉಳಿಯಬೇಕು ಎನ್ನುವುದು ಅವರ ಸಿದ್ಧಾಂತ.

ಅವರು ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನಗೆ ಷಡ್ಡಕ. ಸಂಬಂಧದಲ್ಲಿ ದೊಡ್ಡವರಾದ್ದರಿಂದ ಬಹುವಚನ ಬಳಸುತ್ತಿದ್ದೇನೆ, ಬೇರೆ ಕಾರಣವಿಲ್ಲ. ಗವಿಪುರಂನಲ್ಲಿ ಸ್ವಂತ ಮನೆ, ಸರ್ಕಾರಿ ಕಚೇರಿಯ ಪಿಂಚಣಿ, ಬೇಕಾದಷ್ಟು ಬಿಡುವು. ನಿವೃತ್ತರಾದ ಮೇಲೆ ಯಾವ ಯಾವುದೋ ವಿಡಿಯೋ ನೋಡಿ ಕಂಪ್ಯೂಟರ್ ಪಂಡಿತರಾದರು. ಅಲ್ಪವಿದ್ಯಾ ಮಹಾಗರ್ವಿ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ, ಅದರ ಅರ್ಥ ಇವರನ್ನು ನೋಡಿದ ಮೇಲೆ ಪೂರ್ತಿಯಾಗಿ ತಿಳಿಯಿತು.

ಶ್ರಾದ್ಧದ ಊಟಕ್ಕೆ ಕೂತಿರಲಿ, ನಿಶ್ಚಿತಾರ್ಥಕ್ಕೆ ಬಂದಿರಲಿ, ಅವರ ಮೊದಲ ಮಾತು “ಬ್ಯಾಕಪ್ ತಗೊಂಡಿದೀಯಾ?” ಒಮ್ಮೆ ನಾನು, “ಕ್ಲೌಡ್‌ನಲ್ಲಿ ಹಾಕಿಟ್ರೆ ಸಾಲದಾ ಭಾವ?” ಎಂದುಬಿಟ್ಟೆ.

“ಹೆಂಡ್ತಿ ಒಡವೇನ ಊರೋರ ಬೀರುವಿನಲ್ಲಿ ಇಡ್ತೀಯಾ? ಮೂರು ಡಿಸ್ಕ್ ಇರಬೇಕು. ಒಂದು ಮೇಜಿನ ಮೇಲೆ, ಒಂದು ಬೀರುವಿನಲ್ಲಿ, ಒಂದು ಬೇರೆ ಮನೇಲಿ. ಒಂದು ಹೋದ್ರೆ ಇನ್ನೊಂದಿರತ್ತೆ.”

ಮಾತು ಸರಿಯಾದದ್ದೇ. ಸರಿಯಾದ ಮಾತು ಎಂಥೆಂಥವರ ಬಾಯಲ್ಲೂ ಬರುತ್ತದೆ. ಅವರ ಮೂರನೆಯ ಡಿಸ್ಕು ಮಲ್ಲೇಶ್ವರದಲ್ಲಿ ತಂಗಿಯ ಬೀರುವಿನಲ್ಲಿತ್ತು, ಅದು ಊರವರ ಬೀರು ಅಲ್ಲವಂತೆ. ಆದರೆ ಆ ಡಿಸ್ಕುಗಳಲ್ಲಿ ಒಂದನ್ನಾದರೂ ತೆರೆದು, ಒಳಗಿರುವುದು ನೆಟ್ಟಗಿದೆಯೇ ಎಂದು ಅವರು ನೋಡಿದ್ದನ್ನು ನಾನು ಕಾಣೆ. ಕಾಪಿ ಮಾಡುವುದಷ್ಟೇ ಅವರ ಕೆಲಸ, ಮಿಕ್ಕಿದ್ದು ದೇವರ ಕೆಲಸ.

ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ಬೀಗರ ಹಾಡಿಗೆ ಹೆಸರಾದವರು. ಮದುವೆಮನೆಯಲ್ಲಿ ಗಂಡಿನ ಕಡೆಯವರನ್ನು ಹಾಡಿನಲ್ಲೇ ಗೇಲಿ ಮಾಡಿ, ಗೇಲಿಗೆ ಸಿಕ್ಕವರೇ ಬಿದ್ದು ಬಿದ್ದು ನಗುವಂತೆ ಮಾಡುತ್ತಿದ್ದರು. ಹಾಡುಗಳನ್ನು ಕೂತಲ್ಲೇ ಕಟ್ಟುತ್ತಿದ್ದರು, ಎಲ್ಲೂ ಬರೆದಿಡಲಿಲ್ಲ. ಹೋಳಿಗೆ ಬೇಯಿಸುವವರ ಪಕ್ಕ ನಿಂತು ಬುದ್ಧಿ ಹೇಳುವ ಹಿರಿಯ ಅಳಿಯನ ಮೇಲೂ ಒಂದು ಹಾಡಿತ್ತು. ಅತ್ತೆ ಹಾಸಿಗೆ ಹಿಡಿದಾಗ ನನ್ನ ಹೆಂಡತಿ ಪಕ್ಕದಲ್ಲಿ ಕೂತು, ಉಸಿರು ಸಾಲದೆ ನಿಲ್ಲಿಸಿ ನಿಲ್ಲಿಸಿ ಹಾಡಿದ್ದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಫೋನು ತುಂಬಿತೆಂದು ಎಲ್ಲವನ್ನೂ ನಮ್ಮ ಚಾಮರಾಜಪೇಟೆಯ ಮನೆಯ ಕಂಪ್ಯೂಟರಿಗೆ ಸಾಗಿಸಿದಳು. ಅತ್ತೆ ಹೋದ ಮೇಲೆ ಅವರ ಧ್ವನಿ ಉಳಿದಿದ್ದು ಅಲ್ಲಿ ಮಾತ್ರ.

ಇದು ಷಡ್ಡಕರ ಕಿವಿಗೆ ಬಿತ್ತು. ಒಂದು ಭಾನುವಾರ ಬಂದು ಕಂಪ್ಯೂಟರ್ ಮುಂದೆ ಕೂತವರು, “ಇದರ ತುಂಬಾ ವೈರಸ್ ಇದೆ” ಎಂದು ತೀರ್ಪು ಕೊಟ್ಟರು. ಹಾಡುಗಳನ್ನು ತಮ್ಮ ಡಿಸ್ಕಿಗೆ ಹಾಕಿಕೊಂಡು, ನಾವು ಬೇಡ ಬೇಡ ಎನ್ನುತ್ತಿದ್ದರೂ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿದರು. “ಅತ್ತೆ ಹಾಡು ನಿಮ್ಮಂಥ ಬೇಜವಾಬ್ದಾರಿಗಳ ಹತ್ರ ಇರಬಾರ್ದು” ಎಂದು ಹೇಳಿ, ಕಾಫಿ ಕುಡಿದು ಹೊರಟರು.

ವಾಪಸ್ ಕೇಳಿದಾಗಲೆಲ್ಲ “ಜೋಡಿಸ್ತಿದೀನಿ, ತಾಳಿ” ಎಂಬ ಉತ್ತರ. ಸಂವತ್ಸರದ ಹೆಸರಿಟ್ಟು ಫೋಲ್ಡರ್ ಮಾಡುತ್ತಿದ್ದರಂತೆ. ತಮ್ಮ ಕಂಪ್ಯೂಟರಿನಲ್ಲೂ ಒಂದು ಪ್ರತಿ ಇಟ್ಟುಕೊಳ್ಳಲಿಲ್ಲ. ಅದು ಕೆಲಸ ಮಾಡುವುದಕ್ಕೆ ಇರುವುದು, ಕಣಜವಲ್ಲ ಎಂದು ವಾದ. ಕೊನೆಗೆ ನನ್ನ ಹೆಂಡತಿ ಅತ್ತುಬಿಟ್ಟ ಮೇಲೆ, “ಆಯುಧ ಪೂಜೆ ದಿನ ಬನ್ನಿ. ಪೂಜೆ ಮಾಡಿ ಒಂದು ಡಿಸ್ಕ್ ನಿಮಗೇ ಕೊಟ್ಬಿಡ್ತೀನಿ” ಎಂದರು.

ಹೋದೆವು. ಕಂಪ್ಯೂಟರಿಗೆ ಚೆಂಡುಹೂವಿನ ಹಾರ, ಪರದೆಗೆ ಕುಂಕುಮ. ಮುಂದೆ ಮಣೆಯ ಮೇಲೆ ಮೂರೂ ಡಿಸ್ಕುಗಳನ್ನು ಸಾಲಾಗಿ ಇಟ್ಟಿದ್ದರು. ಪೂಜೆ ತಪ್ಪಬಾರದೆಂದು ಮಲ್ಲೇಶ್ವರದ್ದನ್ನೂ ಹಿಂದಿನ ದಿನವೇ ತರಿಸಿದ್ದರು. ವರ್ಷವೆಲ್ಲ ಬೇರೆ ಬೇರೆ ಕಡೆ ಇಟ್ಟು ಕಾಯ್ದದ್ದನ್ನು ಒಂದೇ ಮಣೆಯ ಮೇಲೆ, ಅದೂ ತುಂಬಿದ ಕಲಶದ ಬುಡದಲ್ಲಿ ಇಡುವ ಬುದ್ಧಿ ಬೇರೆ ಯಾರಿಗೆ ಬಂದೀತು. ಮಂಗಳಾರತಿ ಎತ್ತುವಾಗ ಅವರ ಶಲ್ಯದ ತುದಿ ಸಿಕ್ಕಿ ಕಲಶ ಉರುಳಿತು. ನೀರೆಲ್ಲ ಡಿಸ್ಕುಗಳ ಮೇಲೆ ಹರಿಯಿತು.

ಆಗಲೂ ಎಲ್ಲ ಮುಗಿದಿರಲಿಲ್ಲ. ಒರೆಸಿ, ಚೆನ್ನಾಗಿ ಒಣಗಲು ಬಿಟ್ಟಿದ್ದರೆ ಒಂದಾದರೂ ಉಳಿಯುತ್ತಿತ್ತೇನೋ. ಪೂಜೆಗೆ ಇಟ್ಟದ್ದನ್ನು ಅವತ್ತು ಬಳಸಬಾರದು, ಮರುದಿನ ವಿಜಯದಶಮಿಗೇ ತೆಗೆಯಬೇಕು ಎಂಬ ನೇಮ ಆ ಮನೆಯಲ್ಲಿ ಕಟ್ಟುನಿಟ್ಟು. ಯಾರಾದರೂ ಈಳಿಗೆಮಣೆ ಮುಟ್ಟಿದರೂ ಷಡ್ಡಕರು ರೇಗುತ್ತಿದ್ದರು. ಅವರ ಹೆಂಡತಿ, ನಮ್ಮ ಅತ್ತಿಗೆ, ಅದನ್ನೇ ಮೆಲ್ಲಗೆ ನೆನಪಿಸಿದರು.

“ನಾಳೆ ನೋಡಿದ್ರಾಯ್ತು ಬಿಡಿ. ಇವತ್ತು ಮುಟ್ಟಬಾರ್ದು ಅಂತ ನೀವೇ ಅಂತೀರಲ್ಲ.”

“ನಿನಗೆ ಗೊತ್ತಾಗಲ್ಲ, ಸುಮ್ನಿರು.”

ಕಿರಿಯ ಷಡ್ಡಕನಾದ ನನ್ನ ಎದುರು ಸಣ್ಣವರಾಗಲು ಅವರು ತಯಾರಿರಲಿಲ್ಲ. ಮೊದಲನೆಯ ಡಿಸ್ಕನ್ನು ಪಂಚೆಯಲ್ಲಿ ಒರೆಸಿ ಕಂಪ್ಯೂಟರಿಗೆ ಚುಚ್ಚಿದರು. ಅದರ ದೀಪ ಒಮ್ಮೆ ಹೊತ್ತಿ ಆರಿತು, ಸುಟ್ಟ ವಾಸನೆ ಬಂತು. ಎರಡನೆಯದು ಟಿಕ್ ಟಿಕ್ ಎಂದು ಸುಮ್ಮನಾಯಿತು. ನನ್ನ ಹೆಂಡತಿ ಕೈ ಅಡ್ಡ ಹಿಡಿದಳು.

“ಭಾವ, ಅದೊಂದನ್ನ ಬಿಟ್ಬಿಡಿ. ಒಣಗಲಿ. ಅಮ್ಮ ಇರೋದು ಇನ್ನು ಅದರಲ್ಲೊಂದೇ.”

“ಒಂದು ಹೋದ್ರೆ ಇನ್ನೊಂದಿರತ್ತೆ. ಅದಕ್ಕೇ ತಾನೆ ಮೂರು ಮಾಡಿರೋದು?” ಎನ್ನುತ್ತ ಅವಳ ಕೈ ಸರಿಸಿ ಮೂರನೆಯದನ್ನೂ ಚುಚ್ಚಿದರು.

ಅದೂ ಹೋಯಿತು. ಆಮೇಲೆ ಜನಿವಾರದ ಪೆನ್‌ಡ್ರೈವ್ ನೆನಪಾಯಿತು. ಮುಚ್ಚಳ ತೆಗೆದರೆ ಒಳಗೆ ಸೋಪಿನ ಗಸಿ, ತುಕ್ಕು. ಕಂಪ್ಯೂಟರ್ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. “ಈಗಿನ ಮಾಲೇ ಇಷ್ಟು” ಎಂದು ಎದ್ದವರು ಎಲೆಯ ಮುಂದೆ ಕೂತು, ಹೋಳಿಗೆಗೆ ಎರಡನೆಯ ಸಲ ತುಪ್ಪ ಹಾಕಿಸಿಕೊಂಡರು. ನನ್ನ ಹೆಂಡತಿ ಊಟ ಮಾಡಲಿಲ್ಲ. ಆ ಡಿಸ್ಕುಗಳನ್ನು ಹೊತ್ತು ರಿಪೇರಿಯವರ ಅಂಗಡಿಗಳನ್ನು ಸುತ್ತಿದೆವು. ಎಲ್ಲರೂ ಕೈಚೆಲ್ಲಿದರು. ಷಡ್ಡಕರನ್ನು ನಾನು ಅವತ್ತು ಮನಸಾರೆ ದ್ವೇಷಿಸಿದೆ, ಆಮೇಲೂ ಆ ದ್ವೇಷ ಕಡಿಮೆಯಾಗಲಿಲ್ಲ.

ಹೋದ ವರ್ಷ ತೀರಿಕೊಂಡರು. ತಪ್ಪಾಯಿತು ಎಂಬ ಮಾತು ಕೊನೆಯವರೆಗೂ ಅವರ ಬಾಯಿಂದ ಬರಲಿಲ್ಲ. ವೈಕುಂಠ ಸಮಾರಾಧನೆಯ ದಿನ ಊಟ ಮುಗಿದ ಮೇಲೆ ಅತ್ತಿಗೆ ಬಂದು ನನ್ನ ಹೆಂಡತಿಯ ಪಕ್ಕ ಕೂತರು. “ಅವರ ಧ್ವನಿ ಎಲ್ಲಾದ್ರೂ ಇದ್ಯೇನೇ?” ಎಂದು ಕೇಳಿದರು. ಊರವರದನ್ನೆಲ್ಲ ಕಾಪಿ ಮಾಡಿದ ಮನುಷ್ಯ ತನ್ನದೊಂದು ಮಾತನ್ನೂ ಇಟ್ಟುಹೋಗಿರಲಿಲ್ಲ.

ನನ್ನ ಫೋನಿನಲ್ಲಿ ಅವರು ಕಳಿಸಿದ್ದ ಒಂದು ವಾಯ್ಸ್ ಮೆಸೇಜ್ ಉಳಿದಿತ್ತು. ಹೆಂಡತಿಗೂ ಅದು ಗೊತ್ತಿತ್ತು. ಇಲ್ಲ ಎಂದಿದ್ದರೆ ನ್ಯಾಯವೇ ಆಗುತ್ತಿತ್ತು, ನನ್ನ ಬಾಯಿಗೆ ಬಂದದ್ದೂ ಅದೇ. ಆದರೆ ಅವಳೇ, “ರೀ, ಅಕ್ಕಂಗೆ ಕಳಿಸಿ” ಎಂದಳು. ಆಮೇಲೆ ಅಕ್ಕನ ಕಡೆ ತಿರುಗಿ, “ಈಗ್ಲೇ ಹಾಕಿ ಕೇಳು. ಪೂರ್ತಿ ಬಂದಿದ್ಯಾ ನೋಡು” ಎಂದಳು.

ಅತ್ತಿಗೆ ಹಾಕಿದರು. “ಎಷ್ಟು ಸಲ ಹೇಳ್ಬೇಕಯ್ಯಾ ದಡ್ಡ ನಿನಗೆ? ಒಂದನ್ನೇ ನೆಚ್ಕೊಂಡು ಕೂರ್ಬೇಡ” ಎಂದು ಅವರು ನನ್ನನ್ನು ಬೈಯುವುದು ನಡುಮನೆಯಲ್ಲಿದ್ದವರಿಗೆಲ್ಲ ಕೇಳಿಸಿತು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮತ್ತೆ ಹಾಕಿದರು.

ಮನೆಗೆ ಬಂದು ನಾನೇ ಅದರ ಪ್ರತಿ ಮಾಡಿದೆ. ನಮ್ಮ ಕಂಪ್ಯೂಟರಿನಲ್ಲಿ ಒಂದು, ಮಾವಳ್ಳಿಯ ನನ್ನ ತಮ್ಮನ ಮನೆಯಲ್ಲಿಟ್ಟ ಡಿಸ್ಕಿನಲ್ಲಿ ಒಂದು, ಅವರು ಹೀಗಳೆಯುತ್ತಿದ್ದ ಕ್ಲೌಡ್‌ನಲ್ಲಿ ಒಂದು. ಪ್ರತಿಯೊಂದನ್ನೂ ತೆರೆದು ಕೊನೆಯವರೆಗೆ ಕೇಳಿದೆ. ನನ್ನನ್ನು ದಡ್ಡ ಎನ್ನುವ ಆ ಧ್ವನಿ ಈಗ ಮೂರು ಕಡೆ ಭದ್ರವಾಗಿದೆ. ಅತ್ತೆಯ ಹಾಡಿನ ಒಂದು ಸಾಲೂ ಇಲ್ಲ.