ಬಗಲಿನ ಲೇಸರ್ ಮತ್ತು ನಮ್ಮಕ್ಕನ ಸಂಶಯ

ನಾನು ಬಸ್ ಕಂಡಕ್ಟರ್. ದೇವದುರ್ಗದಿಂದ ರಾಯಚೂರು, ರಾಯಚೂರಿನಿಂದ ಮಾನ್ವಿ, ಮತ್ತೆ ವಾಪಸ್ಸು. ಬಸ್ಸು ತುಂಬಿದ ಮೇಲೆ ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದಿರಲೇಬೇಕು, ಇಲ್ಲದಿದ್ದರೆ ಮೊದಲ ಬ್ರೇಕಿಗೇ ಯಾರದಾದರೂ ತೊಡೆಯ ಮೇಲೆ ಹೋಗಿ ಕೂರುತ್ತೇವೆ. ಹಾಗಾಗಿ ನನ್ನ ಎಡಗಂಕುಳು ದಿನವಿಡೀ ನಾಲ್ಕು ಮಂದಿಯ ಕಣ್ಣಿಗೆ ಬೀಳುವಂಥದ್ದೇ. ಖಾಕಿ ಅಂಗಿಯ ಮೇಲೆ ಮೂಡುವ ಬೆವರಿನ ಕಲೆಗೆ ನಾಚಿಕೊಳ್ಳುವುದನ್ನು ನಾನು ಎಂದೋ ಬಿಟ್ಟಿದ್ದೆ. ನನ್ನ ತೊಂದರೆ ಬೇರೆ. ಕೂದಲು ಬಿಟ್ಟರೆ ಬೆವರಿಗೆ ಅಂಟಿಕೊಂಡು ಉರಿ. ರೇಜರ್ ಆಡಿಸಿದರೆ ಕೆಲವೇ ದಿನಗಳಲ್ಲಿ ಕೂದಲು ಚರ್ಮದ ಒಳಗೇ ಸುರುಳಿ ಸುತ್ತಿ, ಊದಿ, ಕುರುವಾಗಿ ನಿಲ್ಲುತ್ತಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ತುಂಬಿದ ಬಸ್ಸಿನಲ್ಲಿ ಅಂಥದ್ದೊಂದು ಕುರು ಒಡೆಯಿತು. ನನಗೆ ಗೊತ್ತಾಗಲಿಲ್ಲ. ಕಾಲೇಜಿನ ಹುಡುಗಿಯೊಬ್ಬಳು ಕಿವಿಯ ಹತ್ತಿರ ಬಂದು, "ಮೇಡಂ, ನಿಮ್ಮ ಅಂಗಿಗಿ ರಕ್ತ ಹತ್ತ್ಯಾದ್ರಿ" ಎಂದಳು. ಆ ಟ್ರಿಪ್ಪಿನ ಉಳಿದ ದಾರಿಯನ್ನು ನಾನು ಕೈ ಕೆಳಗಿಟ್ಟು, ಸೀಟಿನಿಂದ ಸೀಟಿಗೆ ಸೊಂಟ ಆನಿಸಿಕೊಂಡು ಕಳೆದೆ.

ಮಾನ್ವಿಯಲ್ಲಿ ಬಸ್ಸು ನಿಲ್ಲುವ ಹೊತ್ತಿನಲ್ಲಿ ನಾನು ಚಹಾ ಕುಡಿಯುವ ಅಂಗಡಿಯ ಎದುರಿಗೆ ಒಂದು ಬ್ಯೂಟಿ ಪಾರ್ಲರ್ ಇತ್ತು. 'ಲೇಸರ್ ಬಂದಿದೆ' ಎಂದು ಬೋರ್ಡು ಹಾಕಿದ್ದರು. ಒಳಗೆ ಹೋಗಿ ಕೇಳಿದೆ. ಪಾರ್ಲರಿನಾಕೆ ಪರದೆ ಸರಿಸಿ, ಕುಕ್ಕರಿನಷ್ಟು ಗಾತ್ರದ ಒಂದು ಬಿಳಿ ಮಷೀನು ತೋರಿಸಿದಳು.

"ಒಮ್ಮಿ ಹೊಡಿಸಿಕೊಂಡ್ರ ಮುಗೀತು ಮೇಡಂ. ಜಿಂದಗಿ ತನಕ ಕೂದಲ ಬರಂಗಿಲ್ಲ."

"ನೋಯ್ತದೇನು?"

"ಏನೂ ಗೊತ್ತಾಗಂಗಿಲ್ರಿ."

"ನಾ ಕರ್ರಗ ಅದೀನಿ. ನನಗೂ ಇದೇ ಮಷೀನೇನು?"

"ಎಲ್ಲಾರಿಗೂ ಇದೇ."

"ಈಗ ಕುರು ಆಗ್ಯಾವ."

"ನಡೀತದ್ರಿ, ಬರ್ರಿ, ಮಲಕೊಳ್ರಿ."

ಹತ್ತಾರು ವರ್ಷ ಟಿಕೆಟ್ ಹರಿದವಳು ನಾನು. ಹೆಣ್ಣುಮಕ್ಕಳಿಗೆ ಪ್ರಯಾಣ ಪುಕ್ಕಟೆಯಾದ ಮೇಲೆ ಆಧಾರ್ ಕಾರ್ಡಿನ ಫೋಟೊವನ್ನೂ ಎದುರಿಗಿರುವ ಮುಖವನ್ನೂ ತಾಳೆ ನೋಡುವುದೇ ನನ್ನ ಕೆಲಸವಾಗಿದೆ. ಕೇಳಿದ್ದಕ್ಕೆಲ್ಲ ತಡವರಿಸದೆ ಹೂಂ ಅನ್ನುವವರನ್ನು ನಾನು ಎರಡನೇ ಸಲ ನೋಡುತ್ತೇನೆ. "ಬಸ್ಸಿಗಿ ಟೈಮ್ ಆತು" ಎಂದು ಎದ್ದು ಬಂದೆ.

ಆಮೇಲೆ ರಾಯಚೂರಿನಲ್ಲಿ ಚರ್ಮದ ಡಾಕ್ಟರರ ಬಳಿಗೆ ಹೋದೆ. ಹೆಚ್ಚುಕಡಿಮೆ ನನ್ನ ವಯಸ್ಸಿನ ಹೆಂಗಸು. ಕೈ ಎತ್ತಿಸಿ, ಲೈಟು ಹಾಕಿ ನೋಡಿದರು. ಕುರುವಿನ ಸುತ್ತ, ಆಮೇಲೆ ಕಂಕುಳಿನ ಆಳಕ್ಕೆ ಬೆರಳು ಒತ್ತಿ, ಅಲ್ಲೇನೋ ಹುಡುಕುವವರ ಹಾಗೆ ಬಹಳ ಹೊತ್ತು ನೋಡಿದರು. ಕೂದಲು ತೆಗೆಯಲು ಬಂದವಳಿಗೆ ಇಷ್ಟು ತಡಕುವುದು ಯಾಕೆ ಎಂದು ನನಗೆ ಅಲ್ಲೇ ಅನುಮಾನ. ಇಲ್ಲದ ಕಾಯಿಲೆ ಹಚ್ಚಿ ಬಿಲ್ಲು ಬೆಳೆಸುವ ದಾರಿ ಇರಬಹುದು ಅನ್ನಿಸಿತು.

"ಇವತ್ತು ಮಾಡಂಗಿಲ್ಲ" ಎಂದರು ಡಾಕ್ಟರು. "ಮೊದಲ ಈ ಕುರು ಮಾಯಬೇಕು. ಗುಳಿಗಿ, ಮುಲಾಮು ಬರದು ಕೊಡ್ತೀನಿ."

"ಆಮ್ಯಾಲ ಒಂದೇ ಸಲಕ್ಕ ಹೋಗ್ತದೇನ್ರಿ?"

"ಇಲ್ಲ. ತಿಂಗಳಿಗೊಮ್ಮಿ, ಒಂದೂವರಿ ತಿಂಗಳಿಗೊಮ್ಮಿ ಬರಬೇಕಾಗ್ತದ, ಆರು ಸಲ, ಎಂಟು ಸಲ. ನೋವೂ ಆಗ್ತದ. ರಬ್ಬರ್ ಬ್ಯಾಂಡ್ ಎಳದು ಬಿಟ್ಟಂಗ, ಮ್ಯಾಲಿಂದ ಮ್ಯಾಲ. ಪೂರಾ ಹೋಗ್ತದ ಅಂತ ನಾ ಮಾತು ಕೊಡಂಗಿಲ್ಲ. ಕಡಿಮಿ ಆಗ್ತದ, ತೆಳ್ಳಗ ಆಗ್ತದ. ಬಿಳಿ ಕೂದಲಿಗಿ ಲೇಸರ್ ನಾಟಂಗೇ ಇಲ್ಲ."

"ನನ್ನ ಬಣ್ಣಕ್ಕ?"

"ನಿಮ್ಮಂಥ ಚರ್ಮಕ್ಕ ಒಗ್ಗೋ ಲೇಸರ್ ಬ್ಯಾರೆ ಅದ. ಅದನ್ನೂ ಹುಷಾರಾಗಿ ಹಿಡೀಬೇಕು, ಇಲ್ಲಂದ್ರ ಸುಟ್ಟು ಕಲಿ ಬೀಳ್ತದ. ಮುಂದಿನ ಸಲ ಬಟಾಣಿಯಷ್ಟು ಜಾಗಕ್ಕ ಹಚ್ಚಿ ನೋಡೂಣು. ಅಲ್ಲಿ ತನಕ ಕಿತ್ತಬ್ಯಾಡ್ರಿ, ವ್ಯಾಕ್ಸ್ ಮಾಡಿಸಬ್ಯಾಡ್ರಿ. ಬೇರು ಒಳಗ ಇದ್ರೇನೇ ಬೆಳಕು ಅದನ್ನ ಹಿಡಕೊಂಡು ಇಳೀತದ. ಬರೋ ಹಿಂದಿನ ದಿನ ಬರೇ ರೇಜರ್."

ತನ್ನ ಸರಕನ್ನು ತಾನೇ ಇಷ್ಟು ಕಡಿಮೆ ಹೇಳುವ ವ್ಯಾಪಾರವನ್ನು ನಾನು ಕಂಡಿರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಯೋಚಿಸಿದೆ. ಮಾನ್ವಿಯಾಕೆ ಹೊಗಳಿದ್ದಕ್ಕೆ ಅನುಮಾನ ಬಂತು, ಈಕೆ ಹೊಗಳದಿದ್ದಕ್ಕೂ ಬಂತು. ಆದರೂ ಗುಳಿಗೆ ತಗೊಂಡೆ. ಕುರು ಮಾಯಿತು. ಎರಡನೇ ಸಲ ಹೋದಾಗ, ಹೇಳಿದ ಹಾಗೆಯೇ ಬಟಾಣಿಯಷ್ಟು ಜಾಗಕ್ಕೆ ಮಾತ್ರ ಹಚ್ಚಿ ಕಳಿಸಿದರು. ದಿನಾ ಬೆಳಿಗ್ಗೆ ಕನ್ನಡಿ ಹಿಡಿದು ಆ ಜಾಗ ನೋಡಿಕೊಂಡೆ. ಸುಡಲಿಲ್ಲ, ಕಪ್ಪಾಗಲಿಲ್ಲ.

ಈಗ ನಮ್ಮಕ್ಕನ ವಿಷಯ ಹೇಳಬೇಕು. ದೇವದುರ್ಗದಲ್ಲಿ ನಾನೂ ಅಕ್ಕನೂ ಒಂದೇ ಮನೆಯಲ್ಲಿದ್ದೇವೆ. ಆಕೆ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾಳೆ. ಭಾವ ತೀರಿಕೊಂಡಿದ್ದಾನೆ, ನಾನು ಮದುವೆ ಮಾಡಿಕೊಳ್ಳಲಿಲ್ಲ. ನನಗಿಂತ ಬಹಳ ದೊಡ್ಡವಳಾದ್ದರಿಂದ ತಾಯಿಯ ಅಧಿಕಾರವೂ ಆಕೆಯದೇ. ಬಗಲಿನ ಕೂದಲಿಗೆ ರಾಯಚೂರಿನ ತನಕ ಹೋಗಿ ದುಡ್ಡು ಕೊಡುತ್ತೇನೆಂದರೆ ಆಕೆ ನಕ್ಕು ಓಣಿಗೆಲ್ಲ ಹೇಳುತ್ತಾಳೆ ಎಂದು ನಾನು ಬಾಯಿ ಬಿಟ್ಟಿರಲಿಲ್ಲ.

ಆದರೆ ಆಕೆಯ ಕಣ್ಣು ನನ್ನ ಮೇಲೆಯೇ ಇತ್ತು. ರಜೆಯ ದಿನ ಮಲಗಿ ಎದ್ದು ಬಟ್ಟೆ ಒಗೆಯುವವಳು ರಾಯಚೂರಿಗೆ ಹೋಗುತ್ತಾಳೆ, ಬಚ್ಚಲಿನ ಬಾಗಿಲು ಬಹಳ ಹೊತ್ತು ಹಾಕಿಕೊಳ್ಳುತ್ತಾಳೆ, ಸೀರೆಗಳ ನಡುವೆ ಮುಲಾಮಿನ ಟ್ಯೂಬು ಇಡುತ್ತಾಳೆ. ಒಂದು ಸಂಜೆ ರೊಟ್ಟಿ ಬಡಿಯುತ್ತಾ ತಲೆ ಎತ್ತದೆ ಕೇಳಿದಳು.

"ಮೊನ್ನಿ ಯಾರ ಜೋಡಿ ಹೋಗಿದ್ದಿ?"

"ಯಾರ ಜೋಡೀನೂ ಇಲ್ಲ. ಕೆಲಸ ಇತ್ತು."

"ಏನ್ ಕೆಲಸ?"

"ಡಿಪೋದ್ದು."

"ಕೈ ಎತ್ತು ನೋಡೂಣು."

ನಾನು ಮೊಣಕೈಯನ್ನು ಪಕ್ಕೆಗೆ ಇನ್ನಷ್ಟು ಒತ್ತಿಕೊಂಡೆ. "ಯಾಕ ಬೇಕು ನಿನಗ?" ಎಂದೆ. ಆಕೆ ಹಂಚಿನ ಮೇಲಿನ ರೊಟ್ಟಿ ಕರಕಾಗುವ ತನಕ ನನ್ನನ್ನೇ ನೋಡುತ್ತಾ ಕೂತಿದ್ದಳು. ಯಾವನೋ ಗಂಡಸಿನ ಸುದ್ದಿ ಆಕೆಯ ತಲೆಯಲ್ಲಿ ಹೊಕ್ಕಿದೆ ಎಂದುಕೊಂಡೆ. ಈ ವಯಸ್ಸಿನಲ್ಲಿ ನನಗೆ ಕಾವಲೇ ಎಂದು ಸಿಟ್ಟೂ ಬಂತು.

ಮೂರನೇ ಸಲ ಹೊರಟ ದಿನ ಅಕ್ಕನೂ ಚೀಲ ಹಿಡಿದು ನಿಂತಿದ್ದಳು. "ನಾನೂ ಬರ್ತೀನಿ. ರಾಯಚೂರಾಗ ಬೋಗುಣಿ ತಗೊಳ್ಳೋದದ" ಎಂದಳು. ದೇವದುರ್ಗದಲ್ಲಿ ಬೋಗುಣಿಗೆ ಬರವೇ? ಬೇಡ ಅನ್ನುವ ಹಾಗೂ ಇರಲಿಲ್ಲ. ದಾರಿಯುದ್ದಕ್ಕೂ ಕಿಟಕಿ ಕಡೆ ನೋಡುತ್ತಾ ಬಂದಳು. ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು, "ನೀ ಬಜಾರ ಮುಗಿಸಿಕೊಂಡು ಇಲ್ಲೇ ಬಾ, ನಾ ಬರ್ತೀನಿ" ಎಂದೆ. ಎಂದೂ ಎದುರು ಮಾತಾಡದೆ ಬಿಡದವಳು "ಆತು" ಎಂದು ಹೊರಟೇಬಿಟ್ಟಳು. ನಾನು ಆಗಲೇ ಎಚ್ಚರಗೊಳ್ಳಬೇಕಿತ್ತು.

ಕ್ಲಿನಿಕ್ಕಿನಲ್ಲಿ ಮಂಚದ ಮೇಲೆ ಮಲಗಿಸಿ, ಕೈ ತಲೆಯ ಹಿಂದಕ್ಕೆ ಇಡಿಸಿ, ಕಣ್ಣಿಗೆ ಕಪ್ಪು ಕನ್ನಡಕ ಬಿಗಿದರು. ಏನೂ ಕಾಣುವುದಿಲ್ಲ. ಕಣ್ಣು ಮುಚ್ಚಿಸಿ ಮಾಡುವ ಯಾವ ಕೆಲಸವನ್ನೂ ನಾನು ನಂಬಿದವಳಲ್ಲ.

"ಕನ್ನಡಕ ಯಾಕ್ರಿ?" ಎಂದೆ.

"ಈ ಬೆಳಕು ಕಣ್ಣಿಗಿ ಬಡದ್ರ ಕಣ್ಣೇ ಹೋಗ್ತದ್ರಿ. ನಾನೂ ಹಾಕ್ಕೊಂಡೀನಿ" ಎಂದರು ಡಾಕ್ಟರು.

ತಣ್ಣಗಿನ ಜೆಲ್ಲು ಹಚ್ಚಿದರು. ಅದರ ಮೇಲೆ ಇನ್ನೂ ತಣ್ಣಗಿನ ಲೋಹದ ತುದಿ ಬಂದು ಕೂತಿತು. ಟಕ್. ಕಾದ ಸೂಜಿ ಮುಟ್ಟಿಸಿ ತೆಗೆದ ಹಾಗೆ. ಮತ್ತೆ ಟಕ್. ರಬ್ಬರ್ ಬ್ಯಾಂಡ್ ಎಂದದ್ದು ಸುಳ್ಳಲ್ಲ, ಆದರೆ ರಬ್ಬರ್ ಬ್ಯಾಂಡಿಗೆ ಬೆಂಕಿ ಹಚ್ಚಿದ್ದರು ಎಂದೂ ಸೇರಿಸಬೇಕಿತ್ತು. ಅಷ್ಟರಲ್ಲಿ ಹೊರಗೆ ಗದ್ದಲ ಕೇಳಿಸಿತು. ಅದು ನಮ್ಮಕ್ಕನ ದನಿ.

"ಒಳಗ ಇರಾಕಿ ನನ್ನ ತಂಗಿ. ಆಕಿಗಿ ಏನ್ ಆಗ್ಯಾದ ಅಂತ ಮೊದಲ ಹೇಳ್ರಿ. ಹೇಳೋ ತನಕ ನಾ ಏಳಂಗಿಲ್ಲ!"

ನಾನು ಏಳಲು ಹೋದೆ. ಡಾಕ್ಟರು ಭುಜ ಒತ್ತಿ ಮಲಗಿಸಿ, ಮಷೀನು ಬಂದ್ ಮಾಡಿ, ನನ್ನನ್ನು ಕೇಳಿದರು, "ಒಳಗ ಕರೀಲೇನು?" ನಾನು ಹೂಂ ಎಂದೆ. ಕನ್ನಡಕ ತೆಗೆದಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಖಾಲಿ ಚೀಲ, ಬೋಗುಣಿ ಇಲ್ಲ. ಬಸ್ ಸ್ಟ್ಯಾಂಡಿನಿಂದ ನನ್ನ ಹಿಂದೆಯೇ ನಡೆದು ಬಂದಿದ್ದಳು.

"ಎಷ್ಟ್ ದಿನ ಆತು ಗಡ್ಡಿ ಆಗಿ?" ಎಂದಳು.

"ಯಾವ ಗಡ್ಡಿ ಬೇ ಅಕ್ಕಾ?"

"ಬಗಲಾಗಿನ ಗಡ್ಡಿ. ಮುಚ್ಚಬ್ಯಾಡ. ಅವ್ವಗೂ ಹಿಂಗೇ ಬಗಲಾಗೇ ಶುರು ಆಗಿತ್ತು. ಕುರು ಆಗ್ಯಾದ ಅಂತಿದ್ಲು. ಕೈ ಎತ್ತಂದ್ರ ಎತ್ತತಿದ್ದಿಲ್ಲ. ನಿನ್ನಂಗೇ ಮೊಣಕೈ ಒತ್ತಿಕೊಂಡು ಕುಂದ್ರತಿದ್ಲು."

ಅವ್ವ ಸತ್ತದ್ದು ಕಾಮಾಲೆಯಿಂದ ಎಂದೇ ನಾನು ತಿಳಿದಿದ್ದೆ. ಆಗ ನಾನು ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದೆ, ಪರೀಕ್ಷೆ ಹತ್ತಿರ ಇತ್ತು. ಎದೆಯ ಗಡ್ಡೆ ಕಂಕುಳಿಗೆ ಏರಿ, ಅಲ್ಲಿಂದ ಒಳಗೆಲ್ಲ ಹರಡಿ, ಕೊನೆಗೆ ಕಣ್ಣು ಹಳದಿಯಾದದ್ದನ್ನು ಅಕ್ಕನೊಬ್ಬಳೇ ನೋಡಿದ್ದಳು. ನನಗೆ ಹಳದಿಯಾದದ್ದನ್ನು ಮಾತ್ರ ಹೇಳಿದ್ದಳು. ಇಷ್ಟು ದಿನ ಆಕೆ ಹುಡುಕುತ್ತಿದ್ದದ್ದು ಗಂಡಸನ್ನಲ್ಲ.

ಡಾಕ್ಟರೇ ಹೇಳಿದರು.

"ಯವ್ವಾ, ಗಡ್ಡಿ ಇಲ್ಲ. ಮೊದಲ ದಿನಾನೇ ನಾ ಒತ್ತಿ ನೋಡೀನಿ. ಕೂದಲು ಒಳಗ ಹೊಕ್ಕು ಕುರು ಆಗತಿದ್ವು. ಅದಕ್ಕ ಕೂದಲ ಕಡಿಮಿ ಮಾಡಾಕತ್ತೀನಿ."

"ಕೂದಲಾ?" ಎಂದಳು ಅಕ್ಕ. "ಬಗಲ ಕೂದಲಾ?" ನನ್ನ ಕಡೆ ತಿರುಗಿದಳು. "ಲೇ ನಿನ್ನ... ಇದಕ್ಕ ನನ್ನ ಜೀವ ಹಿಂಡಿದೇನ?" ಎಂದು ಬೈಯುತ್ತಲೇ ಬಂದು ನನ್ನ ಎತ್ತಿದ ಕೈಯ ಕೆಳಗೆ ಬಗ್ಗಿ ನೋಡಿದಳು, ತನ್ನ ಬೆರಳಿನಿಂದಲೇ ಒತ್ತಿದಳು. ಜೆಲ್ಲು ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಅಲ್ಲೇ ಕುರ್ಚಿಯ ಮೇಲೆ ಕುಸಿದು ಕೂತು ಅತ್ತಳು.

ಡಾಕ್ಟರು ಆಕೆಗೆ ನೀರು ಕೊಡಿಸಿ, "ತಾಯಿಗಿ ಹಂಗ ಆಗಿತ್ತಂದ್ರ ಇಬ್ರೂ ಒಮ್ಮಿ ಎದಿ ತೋರಿಸಿಕೊಳ್ರಿ" ಎಂದರು.

ಅಳುತ್ತಿದ್ದವಳು ತಟ್ಟನೆ ತಲೆ ಎತ್ತಿದಳು. "ಅದರ ಮಷೀನೂ ನೀವೇ ಇಟ್ಟೀರೇನು?"

"ಇಲ್ಲವ್ವಾ. ಸರಕಾರಿ ದವಾಖಾನಿಗಿ ಹೋಗ್ರಿ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಳಿದದ್ದನ್ನು ಮುಗಿಸುವ ತನಕ ಹೊರಗೆ ಹೋಗಲು ಒಪ್ಪಲಿಲ್ಲ. ಆಕೆಗೂ ಒಂದು ಕಪ್ಪು ಕನ್ನಡಕ ಹಾಕಿದರು. ಟಕ್ ಅಂದಾಗಲೆಲ್ಲ ನನಗಿಂತ ಮೊದಲು ಆಕೆಯೇ ಹಾ ಅನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮೂಗು ಮುಚ್ಚಿಕೊಂಡು, "ಕುರಿ ತಲಿ ಸುಟ್ಟಂಗ ನಾರಾಕತ್ತದಲ್ಲ ಬೇ!" ಎಂದಳು. ಡಾಕ್ಟರಿಗೂ ನಗು ಬಂತು.

ಎರಡೂ ಕಡೆ ಸೇರಿ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಕೂದಲಿನ ಬುಡಬುಡಕ್ಕೂ ಕೆಂಪು ಗುಳ್ಳೆ ಎದ್ದಿದ್ದವು, ಮಾರನೇ ಬೆಳಿಗ್ಗೆಗೆ ಇಳಿದವು. ಆ ದಿನ ಬಿಸಿನೀರು ಬೇಡ, ಪೌಡರು, ಸೆಂಟು ಬೇಡ ಎಂದಿದ್ದರು. ಅದನ್ನೆಲ್ಲ ಅಕ್ಕನೇ ಕಾವಲು ಕಾದಳು.

ವಾರ ಕಳೆಯುತ್ತಲೇ ನನಗೆ ಮತ್ತೆ ಅನುಮಾನ ಹತ್ತಿತು. ಕಪ್ಪು ಮೊಳಕೆಗಳು ಎದ್ದು ನಿಂತಿದ್ದವು. "ಮೋಸ ಮಾಡ್ಯಾರ" ಎಂದೆ. ಅಕ್ಕ, "ಮೊದಲೇ ಹೇಳಿದ್ನಲ್ಲ" ಎಂದಳು. ಆಕೆ ಹಾಗೇನೂ ಹೇಳಿರಲಿಲ್ಲ. ಕ್ಲಿನಿಕ್ಕಿಗೆ ಫೋನು ಮಾಡಿ ಜಗಳದ ದನಿಯಲ್ಲೇ ಕೇಳಿದೆ. ಅವು ಬೆಳೆಯುತ್ತಿಲ್ಲ, ಸತ್ತ ಕೂದಲು ಹೊರಗೆ ಬರುತ್ತಿದೆ, ಕೀಳಬೇಡಿ, ತಾವೇ ಉದುರುತ್ತವೆ ಎಂದರು. ನಂಬಲಿಲ್ಲ. ಆದರೆ ಮುಂದಿನ ವಾರ ಸ್ನಾನ ಮಾಡಿ ಒರೆಸಿಕೊಳ್ಳುವಾಗ ಟವೆಲ್ಲಿನ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗೆ ಬಿದ್ದಿದ್ದವು. ಟವೆಲ್ಲನ್ನು ಹಾಗೇ ಹಿಡಿದುಕೊಂಡು ಹೋಗಿ ಅಕ್ಕನಿಗೆ ತೋರಿಸಿದೆ.

ಸರಕಾರಿ ಆಸ್ಪತ್ರೆಗೆ ಮಾತ್ರ ಅಕ್ಕ ಬರಲು ಸತಾಯಿಸಿದಳು. ನನ್ನನ್ನು ಹಿಂಬಾಲಿಸಿ ಬಂದವಳು ತನ್ನ ಸರದಿ ಬಂದಾಗ ಅಂಗನವಾಡಿ, ಅಮಾವಾಸ್ಯೆ, ಮಂಡಿನೋವು ಎಂದೆಲ್ಲ ನೆಪ ತೆಗೆದಳು. ಕೊನೆಗೆ ಒಂದು ದಿನ ನಾನೇ ಟಿಕೆಟ್ ಕೊಟ್ಟು ನನ್ನ ಬಸ್ಸಿನಲ್ಲೇ ಕೂರಿಸಿಕೊಂಡು ಹೋಗಿ, ರಾಯಚೂರಿನಲ್ಲಿ ಅರ್ಧ ದಿನದ ರಜೆ ಹಾಕಿದೆ. ಇಬ್ಬರನ್ನೂ ನೋಡಿದರು, ಸ್ಕ್ಯಾನಿಂಗ್ ಮಾಡಿದರು. ಏನೂ ಇಲ್ಲ ಎಂದರು. ವರ್ಷಕ್ಕೊಮ್ಮೆ ಬಂದು ಹೋಗಿ ಎಂದೂ ಹೇಳಿದರು. ಹೊರಗೆ ಬೇವಿನ ನೆರಳಿನಲ್ಲಿ ಕೂತು ಅಕ್ಕ ಅವ್ವನ ಕೊನೆಯ ತಿಂಗಳುಗಳ ಸಂಗತಿಯನ್ನು ಮೊದಲ ಸಲ ಹೇಳಿದಳು. ನನಗೆ ಯಾಕೆ ಮುಚ್ಚಿಟ್ಟಳು ಎಂದು ಕೇಳಿದೆ. "ಅವ್ವನೇ ಆಣಿ ಹಾಕಿಸಿದ್ಲು. ಪರೀಕ್ಷಿ ಬರೀಲಿ ಅಂತ" ಎಂದಳು. ಆ ಪರೀಕ್ಷೆಯಲ್ಲಿ ನಾನು ಪಾಸಾಗಿದ್ದೆ. ಅದನ್ನು ಹೇಳಿಕೊಳ್ಳುವ ಮನಸ್ಸಾಗಲಿಲ್ಲ.

ಈಗ ಲೇಸರಿನ ಸರದಿಗಳು ಬಹುತೇಕ ಮುಗಿದಿವೆ. ಕೂದಲು ಪೂರ್ತಿ ಹೋಗಿಲ್ಲ. ನೂಲಿನಂಥ ಒಂದಷ್ಟು ಉಳಿದಿವೆ, ಎರಡು ಬಿಳಿಯವೂ ಜಂಬದಿಂದ ನಿಂತಿವೆ. ಬೆವರು ಮೊದಲಿನಷ್ಟೇ. ಕುರು ಮಾತ್ರ ಆಮೇಲೆ ಆಗಿಲ್ಲ. ಪ್ರತಿ ಸಲವೂ ಅಕ್ಕ ಜೊತೆಗೆ ಬರುತ್ತಾಳೆ. ಡಾಕ್ಟರು ಮಷೀನಿನ ಬಿಸಿ ಹೆಚ್ಚಿಸಿದರೆ ಯಾಕೆ ಹೆಚ್ಚಿಸಿದಿರಿ ಎಂದು ಕೇಳುತ್ತಾಳೆ, ಕಡಿಮೆ ಮಾಡಿದರೆ ಕೊಟ್ಟ ದುಡ್ಡಿಗೆ ಕಡಿಮೆ ಯಾಕೆ ಎನ್ನುತ್ತಾಳೆ.

ಹೋದ ತಿಂಗಳು ನಾವಿಬ್ಬರೂ ಹೊರಟಾಗ ಪಕ್ಕದ ಮನೆಯಾಕೆ ಕಟ್ಟೆಯ ಮೇಲೆ ಕೂತು ಮೆಂತ್ಯೆ ಸೋಸುತ್ತಿದ್ದಳು. "ಅಕ್ಕ-ತಂಗಿ ತಿಂಗಳ ತಿಂಗಳ ರಾಯಚೂರಿಗಿ ಎಲ್ಲಿಗಿ ಹೋಗ್ತೀರಿ?" ಎಂದಳು.

ಅಕ್ಕ ಹೆಜ್ಜೆ ನಿಲ್ಲಿಸದೆ, "ಈಕಿದು ಹಲ್ಲಿನ ಟ್ರೀಟ್‌ಮೆಂಟ್ ನಡದದ ಬೇ" ಎಂದಳು.

ಆಕೆ ಮೆಂತ್ಯೆ ಬಿಟ್ಟು, ನಾವು ಓಣಿ ದಾಟುವ ತನಕ ನನ್ನ ಬಾಯಿಯನ್ನೇ ನೋಡುತ್ತಾ ಕೂತಳು. ನಾನು ತುಟಿ ಬಿಗಿಹಿಡಿದು ನಡೆದೆ.