ದಾಕ್ಷಕ್ಕನ ಮುದ್ದೆಯ ಗಂಟು

ಈ ಭಾನುವಾರ ಮಧ್ಯಾಹ್ನ ಅಜ್ಜಂಪುರದಲ್ಲಿ, ಅಕ್ಕನ ಮನೆಯ ನಡುಮನೆಯಲ್ಲಿ ಕೂತು ಮೂರನೆಯ ತುತ್ತು ಮುರಿದಾಗ ನನ್ನ ಬೆರಳಿಗೆ ಗಂಟು ಸಿಕ್ಕಿತು. ಮುದ್ದೆಯ ಗಂಟು, ಹುಣಸೆಬೀಜದಷ್ಟು ದಪ್ಪ. ಹಿಚುಕಿದೆ. ಒಳಗೆ ಬೇಯದ ಹಿಟ್ಟು, ಹಸಿ ರಾಗಿಯ ವಾಸನೆ. ಎಲಾ ಇವನ, ಚಿಕ್ಕಂದಿನಿಂದ ಬಲ್ಲ ವಾಸನೆ ಅದು!

ಮುದ್ದೆಯಲ್ಲಿ ಗಂಟು ಸಿಕ್ಕರೆ ಪ್ರಪಂಚ ಮುಳುಗಿಹೋಗುತ್ತದೆಯೇ ಎಂದು ನೀವು ನಗಬಹುದು. ನಗಿ, ಬೇಜಾರಿಲ್ಲ. ನಮ್ಮ ಮನೆಯ ಮಟ್ಟಿಗೆ ಮಾತ್ರ ಅದು ಹೃದಯಕ್ಕೆ ಸಂಬಂಧಪಟ್ಟ ವಿಷಯ. ಹೇಗೆ ಎಂದು ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ ಹೇಳುವುದು ನನ್ನ ಜಾಯಮಾನ. ಕಡೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದೇನೆ. ಅಲ್ಲಿಗೆ ಬರುವವರೂ ಇದನ್ನೇ ಹೇಳುವುದು: "ಸಾರ್, ಕನ್ನಡಕ ಬೇಗ ಕೊಡ್ತೀರ, ಮಾತು ಬೇಗ ಮುಗ್ಸಲ್ಲ."

ನಾವು ಯಗಟಿಯವರು. ಮನೆಯಲ್ಲಿ ಆಗ ಎಂಟು ಜನ. ಎಂಟು ಜನಕ್ಕೆ ಮುದ್ದೆ ಮಾಡುವುದು ಹುಡುಗಾಟವಲ್ಲ. ಎಸರಿಗೆ ಹಾಕಿದ ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಅಲ್ಲಾಡದಂತೆ ಒತ್ತಿ ಹಿಡಿದು, ದಪ್ಪ ಕೋಲಿನಿಂದ ಸೊಂಟದ ಬಲವನ್ನೆಲ್ಲ ಹಾಕಿ ತಿರುವಬೇಕು. ನಡುವೆ ದಣಿವಾರಿಸಿಕೊಳ್ಳಲು ನಿಂತಿರೋ, ಹಿಟ್ಟು ಗಂಟು ಕಟ್ಟಿತು ಎಂದೇ ತಿಳಿಯಿರಿ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹಾಗಾಗಿ ಮಾಡಿದವರು ಗಂಟನ್ನು ಮುಚ್ಚಿಡಲಾರರು, ಉಣ್ಣುವವರ ಗಂಟಲು ಹೇಳಿಬಿಡುತ್ತದೆ.

ಅವ್ವ ತಿರುವಿದ ದಿನ ಮುದ್ದೆ ಬೆಣ್ಣೆಯಂತೆ ಇಳಿಯುತ್ತಿತ್ತು. ಅಕ್ಕ ತಿರುವಿದ ದಿನ ಗಂಟು. ಅಕ್ಕ ಎಂದರೆ ನನಗಿಂತ ನಾಲ್ಕು ವರ್ಷ ದೊಡ್ಡವಳು, ಹೆಸರು ದಾಕ್ಷಾಯಣಿ, ನಮ್ಮ ಬಾಯಲ್ಲಿ ದಾಕ್ಷಕ್ಕ. ನಾಲ್ಕು ಸುತ್ತು ತಿರುವಿ ಕೋಲು ಬಿಟ್ಟು ಗೋಡೆಗೆ ಕೆನ್ನೆ ಆನಿಸಿ ನಿಂತುಬಿಡುತ್ತಿದ್ದಳು, ಬಾಯಿ ಅರ್ಧ ತೆರೆದು. ಅಜ್ಜಿ ಕೂತಲ್ಲಿಂದಲೇ, "ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲ್ದು ಕಣೇ" ಎನ್ನುತ್ತಿದ್ದಳು. ಎಲ್ಲರಿಗಿಂತ ಕೆಟ್ಟವನು ನಾನು. ಸಿಕ್ಕ ಗಂಟುಗಳನ್ನೆಲ್ಲ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ, "ಇವತ್ತು ಐದು!" ಎಂದು ಕೂಗುತ್ತಿದ್ದೆ. ಮನೆಯೆಲ್ಲ ನಗುತ್ತಿತ್ತು. ಅಕ್ಕನೂ ನಗುತ್ತಿದ್ದಳು, ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಎರಡು ಸಲ ನಕ್ಕು ನಿಲ್ಲಿಸಿಬಿಡುತ್ತಿದ್ದಳು.

ಬಾವಿಯ ದಾರಿಯಲ್ಲಿ ಬೇವಿನ ಮರದ ಬುಡಕ್ಕೆ ಒಂದು ಚಪ್ಪಡಿ ಕಲ್ಲಿತ್ತು. ಕೊಡ ಇಳಿಸಿ ಅಕ್ಕ ಅದರ ಮೇಲೆ ಕೂರದ ದಿನವಿಲ್ಲ. ನಾನು ಮುಂದೆ ಓಡಿ ಹೋದವನು ವಾಪಸ್ಸು ಬಂದು ಅವಳ ಸುತ್ತ ಕುಣಿಯುತ್ತ "ಸೋಮಾರಿ, ಸೋಮಾರಿ" ಎಂದು ರಾಗ ಎಳೆಯುತ್ತಿದ್ದೆ. ಅವಳು ಒಂದೇ ಮಾತು ಹೇಳುತ್ತಿದ್ದಳು: "ಒಂಚೂರು ತಡಿಯೋ. ಎದೆ ಒಳಗೆ ಯಾರೋ ಓಡ್ದಂಗಾಗುತ್ತೆ ಕಣೋ." ನನಗೆ ಅದು ಒಳ್ಳೆಯ ನೆಪ ಎನಿಸುತ್ತಿತ್ತು. ಮುಂದೆ ಶಾಲೆಯಲ್ಲಿ ಡ್ರಿಲ್ ಮಾಸ್ತರು ಓಡಿಸಿದಾಗ ನಾನೂ ಅದನ್ನೇ ಹೇಳಿ ಬೆತ್ತದ ಏಟು ತಿಂದೆ. ಸರಿಯಾಗಿಯೇ ಬಿತ್ತು.

ಅಜ್ಜಂಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಭಾವನಿಗೆ ಅಕ್ಕನನ್ನು ಕೊಟ್ಟರು. ಭಾವ ಮಾತು ಕಮ್ಮಿ. ಹುಬ್ಬು, ಕಿವಿ, ಅಂಗಿಯ ಜೇಬು ಎಲ್ಲದರಲ್ಲೂ ಹಿಟ್ಟು. ಮೂವತ್ತು ವರ್ಷ ಆ ಮನುಷ್ಯ ಗಂಟಿನ ಮುದ್ದೆ ಉಂಡರು, ಒಂದು ದಿನವೂ ತುಟಿ ಪಿಟಕ್ ಎನ್ನಲಿಲ್ಲ. ಒಮ್ಮೆ ನಾನೇ ಕೆಣಕಿದ್ದಕ್ಕೆ, "ರಾಗಿ ತಾನೆ? ಹೊಟ್ಟೇಲಿ ಬೇಯುತ್ತೆ ಬಿಡಪ್ಪಾ" ಎಂದಿದ್ದರು. ನಾನು ತಟ್ಟೆಯ ಅಂಚಿಗೆ ಜೋಡಿಸುತ್ತಿದ್ದುದನ್ನು ಅವರು ನುಂಗುತ್ತಿದ್ದರು, ನೋಡಿ.

ಹೋದ ವರ್ಷ ತರೀಕೆರೆಯಲ್ಲಿ ನೆಂಟರ ಮದುವೆ. ಕಲ್ಯಾಣ ಮಂಟಪದಲ್ಲಿ ಊಟದ ಹಾಲ್ ಮಹಡಿಯ ಮೇಲೆ. ಅರ್ಧ ಮೆಟ್ಟಿಲಿಗೆ ಅಕ್ಕ ಕೂತುಬಿಟ್ಟಳು. ನಾನು ಮೇಲಿನಿಂದ ಬಗ್ಗಿ, "ಏಳೇ ಮಾರಾಯ್ತಿ, ಪಂಕ್ತಿ ಎದ್ದೋಗುತ್ತೆ" ಎಂದೆ. ಅವಳು ತಲೆ ಎತ್ತಲಿಲ್ಲ. ತುಟಿ ಬಿಳಿಚಿತ್ತು. ಹೂವಿನ ಹಾರ ಹಿಡಿದು ನಿಂತಿದ್ದವರನ್ನು ದಾಟಿಕೊಂಡು ನಾನೂ ಭಾವನೂ ಅವಳನ್ನು ಎದುರು ಬೀದಿಯ ವಯಸ್ಸಾದ ಡಾಕ್ಟರ ಹತ್ತಿರ ಕರೆದೊಯ್ದೆವು. ಅವರು ಸ್ಟೆತಾಸ್ಕೋಪು ಇಟ್ಟು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಆಮೇಲೆ ಅಕ್ಕನಿಗೇ ಹೇಳಿದರು: "ಈ ಸದ್ದು ಇವತ್ತಿಂದಲ್ಲ ಕಣಮ್ಮ, ಹುಟ್ಟಿದಾಗ್ಲಿಂದ ಐತೆ. ಯಾರೂ ಕೇಳಿಸ್ಕಂಡಿಲ್ಲ, ಅಷ್ಟೆ."

ಆ ಮಾತು ನನಗೆ ನಾಟಿತು. ದೂರದ ಅಕ್ಷರ ಕಾಣದವರಿಗೆ ಗಾಜು ಕೊಟ್ಟು ಹೊಟ್ಟೆ ಹೊರೆಯುವವನು ನಾನು. ಒಂದೇ ಒಲೆಯ ಮುಂದೆ ಬೆಳೆದವಳು ನನಗೆ ಕಾಣಲಿಲ್ಲ.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಎಕೋ ಎಂಬ ಹೃದಯದ ಸ್ಕ್ಯಾನ್ ಮಾಡಿ ಹೇಳಿದರು: ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ಒಂದು ರಂಧ್ರ. ಎಡಕ್ಕಿರಬೇಕಾದ ರಕ್ತ ಬಲಕ್ಕೆ ಸೋರುತ್ತದೆ, ಬಲಭಾಗ ಐವತ್ತು ವರ್ಷದಿಂದ ಎರಡಾಳಿನ ಕೆಲಸ ಮಾಡುತ್ತಿದೆ. ಎದೆ ಕೊಯ್ಯಬೇಕಿಲ್ಲ, ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ಕಳಿಸಿ, ಅದರೊಳಗಿಂದ ತಂತಿಯ ಬಲೆಯೊಂದನ್ನು ರಂಧ್ರದಲ್ಲಿ ಬಿಡಿಸಿ ಕೂರಿಸುತ್ತೇವೆ ಎಂದು ಆ ಸಾಧನವನ್ನೇ ತೋರಿಸಿದರು. ಗಿರಣಿಯವರ ಹೆಂಡತಿ ಅಲ್ಲವೇ, ಅಕ್ಕ ತಿರುಗಿಸಿ ಮುರುಗಿಸಿ ನೋಡಿ, "ಇದು ಜರಡಿ ಇದ್ದಂಗೈತಲ್ಲ ಸಾರ್. ಜರಡಿ ಅಂದ್ಮೇಲೆ ಸೋರಲ್ವಾ?" ಎಂದು ಕೇಳಿದಳು. ಡಾಕ್ಟರು ನಕ್ಕು, ಕೆಲವು ತಿಂಗಳಲ್ಲಿ ಅದರ ಮೇಲೆ ನಿಮ್ಮದೇ ಪೊರೆ ಬೆಳೆದು ಮುಚ್ಚಿಕೊಳ್ಳುತ್ತದೆ ಎಂದರು.

ಕೆಲಸ ಸುಸೂತ್ರವಾಗಿ ಆಯಿತು. ಹೊರಡುವ ದಿನ ಮಾತ್ರ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಹೇಳಿದರು: "ರಂಧ್ರ ಮುಚ್ಚಿದೆ. ಆದರೆ ಹಿಗ್ಗಿರೋ ಬಲಭಾಗ ತನ್ನ ಅಳತೆಗೆ ವಾಪಸ್ ಬರಬೇಕು. ಚಿಕ್ಕ ವಯಸ್ಸಾಗಿದ್ದರೆ ಧೈರ್ಯವಾಗಿ ಹೇಳ್ತಿದ್ದೆ. ಈ ವಯಸ್ಸಲ್ಲಿ ಬರಬಹುದು, ಬರದೇನೂ ಇರಬಹುದು. ಒಂದು ವರ್ಷ ನೋಡೋಣ."

ಯಗಟಿಯಲ್ಲಿ ಅಣ್ಣನ ಮಕ್ಕಳಿಗೆಲ್ಲ ಯಜಮಾನಿಯಾಗಿರುವ ಅವ್ವನಿಗೆ ಇದನ್ನು ಫೋನಿನಲ್ಲಿ ವಿವರಿಸಿದೆ. ಎಲ್ಲ ಕೇಳಿಸಿಕೊಂಡು ಅವ್ವ ಹೇಳಿದ್ದು ಇಷ್ಟೇ: "ಎಕೋ ಗಿಕೋ ನಂಗೊತ್ತಾಗಲ್ಲ ಕಣಪ್ಪಾ. ಅವಳು ಕೋಲು ಹಿಡಿದ ಮೇಲೆ ಹೋಗಿ ಉಂಡ್ಕಂಡು ಬಾ. ಮುದ್ದೇಲಿ ಗಂಟೈತೋ ಇಲ್ವೋ ಹೇಳು."

ಡಾಕ್ಟರು ಸರಿ ಎಂದ ಮೇಲೆ ಅಕ್ಕ ಮತ್ತೆ ಕೋಲು ಹಿಡಿದಳು. ಅಂದಿನಿಂದ ನನ್ನ ಭಾನುವಾರಗಳು ಅಜ್ಜಂಪುರಕ್ಕೆ ಮುಡಿಪಾದವು. ಬೆಳಿಗ್ಗೆ ಕಡೂರಿನಲ್ಲಿ ರೈಲು ಹತ್ತುವುದು, ಬೀರೂರು ದಾಟಿದ ಮೇಲೆ ಕಿಟಕಿಯ ಗಾಳಿಗೆ ತೂಕಡಿಸುವುದು, ಇಳಿದು ಹೋಗಿ ಉಣ್ಣುವುದು, ಅವ್ವನಿಗೆ ವರದಿ ಒಪ್ಪಿಸುವುದು. ಮೊದಲ ವಾರ ನಾಲ್ಕು ಗಂಟು. ಆಮೇಲೆ ಮೂರು. ರಾಗಿ ಬಿತ್ತನೆಯ ಹೊತ್ತಿಗೆ ಒಂದು. ತೆನೆ ಕಟ್ಟುವ ಹೊತ್ತಿಗೆ ಒಂದೂ ಇಲ್ಲ. "ರಾಗಿ ತಿಂದವ ನಿರೋಗಿ ಅಂತಾರಲ್ಲವ್ವ" ಎಂದೆ. "ರಾಗಿ ತಿರುವ್ದೋಳು ನಿರೋಗಿ ಆಗ್ಬೇಕಲೇ ಮೊದ್ಲು" ಎಂದಳು.

ಊಟವಾದ ಮೇಲೆ ಭಾವ ಮನೆಗೆ ಅಂಟಿಕೊಂಡಿದ್ದ ಗಿರಣಿಯಲ್ಲೇ ಚೀಲಕ್ಕೆ ಒರಗಿ ಕಣ್ಣು ಮುಚ್ಚುತ್ತಿದ್ದರು. ಬೆಲ್ಟು ನಿಂತ ಗಿರಣಿಯ ಸದ್ದಿಲ್ಲದ ಮಧ್ಯಾಹ್ನ ನೀವು ಕಂಡಿದ್ದೀರಾ? ಹೆಂಚಿನ ಸಂದಿಯಿಂದ ಇಳಿದ ಬಿಸಿಲಿನ ಕೋಲಿನಲ್ಲಿ ಹಿಟ್ಟಿನ ಧೂಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಒಳಗೆ ಅಕ್ಕ ಚಾಪೆಯ ಮೇಲೆ ಮಲಗಿರುತ್ತಿದ್ದಳು. ನಾನು ಬಾಗಿಲಲ್ಲಿ ಕೂತು ಅವಳ ಉಸಿರು ನೋಡುತ್ತಿದ್ದೆ. ಆ ಸಣ್ಣ ಜರಡಿಯ ಮೇಲೆ ಪೊರೆ ಬೆಳೆಯುತ್ತಿರಬಹುದು, ಐವತ್ತು ವರ್ಷ ತೆರೆದೇ ಇದ್ದ ಬಾಗಿಲು ಈ ಹೊತ್ತಿನಲ್ಲೇ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿರಬಹುದು, ಒಳಗೆ ಓಡುತ್ತಿದ್ದವರು ಯಾರೋ ಅವರು ಬೇವಿನ ಮರದ ಕೆಳಗೆ ಕೂತು ಸುಧಾರಿಸಿಕೊಳ್ಳುತ್ತಿರಬಹುದು. ಹೀಗೆ ಏನೇನೋ ಅಂದುಕೊಳ್ಳುತ್ತ ನಾನೂ ಬಾಗಿಲಿಗೊರಗಿ ನಿದ್ದೆ ಹೋಗುತ್ತಿದ್ದೆ.

ವರ್ಷದ ಎಕೋ ಮೊನ್ನೆ ಶುಕ್ರವಾರ ಇತ್ತು. ಫೋನ್ ಮಾಡಿದರೆ ಭಾವ, "ಅವಳೇ ಹೇಳ್ತಾಳಂತೆ, ಬಾರಪ್ಪಾ" ಎಂದು ಇಟ್ಟುಬಿಟ್ಟರು. ಈ ಭಾನುವಾರ ಹೊಸಿಲು ದಾಟುತ್ತಲೇ ಕೇಳಿದೆ. ಅಕ್ಕ ಮುಖ ಕೊಡದೆ, "ಮೊದ್ಲು ಉಣ್ಣು, ಆಮೇಲೆ ಹೇಳ್ತೀನಿ" ಎಂದು ತಟ್ಟೆ ಹಾಕಿದಳು. ಹಸಿದವನಿಗೆ ಕೆಟ್ಟ ಸುದ್ದಿ ಹೇಳಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಅಜ್ಜಿ ತೀರಿಕೊಂಡಾಗಲೂ ನನಗೆ ಉಣ್ಣಿಸಿಯೇ ಹೇಳಿದ್ದರು. ಹಾಗೆ ಹೆದರಿಕೊಂಡೇ ಮುರಿದ ಮೂರನೆಯ ತುತ್ತಿನಲ್ಲಿ, ತಿಂಗಳುಗಟ್ಟಲೆ ಕಾಣದಿದ್ದ ಗಂಟು ಸಿಕ್ಕಿತು.

ಅದನ್ನು ತಟ್ಟೆಯ ಕೆಳಗೆ ತೂರಿಸಲು ಹೋದೆ. ತಟ್ಟೆಯ ಅಂಚಿಗೆ ಜೋಡಿಸುತ್ತಿದ್ದವನು ಈಗ ಬಚ್ಚಿಡುತ್ತಿದ್ದೇನೆ! ಸಾರಿನ ಸೌಟು ಹಿಡಿದು ಬಂದ ಅಕ್ಕ ಕಂಡುಬಿಟ್ಟಳು.

"ಏನೋ ಅದು?"

"ಏನಿಲ್ಲ."

"ತೋರ್ಸಲೇ. ಗಂಟಾ?"

"ಅಕ್ಕಾ, ಡಾಕ್ಟ್ರು ಏನಂದ್ರು, ಹೇಳ್ಬಿಡು" ಎಂದೆ. "ಎಷ್ಟು ಖರಾಬಾಗೈತೆ?"

ಅವಳು ನನ್ನನ್ನೂ ಗಂಟನ್ನೂ ನೋಡಿ ಸೌಟು ಕೆಳಗಿಟ್ಟಳು. "ಥೂ ನಿನ್ನ! ಅಳ್ಬುರ್ಕ ಕಣೋ ನೀನು, ಒಳ್ಳೇ ಸುದ್ದಿ ಕೇಳಿದ್ರೂ ಅಳ್ತಾ ಊಟ ಬಿಟ್ಬಿಡ್ತೀಯ ಅಂತ ಆಮೇಲೆ ಹೇಳ್ತೀನಿ ಅಂದೆ. ಬಲಗಡೆ ತನ್ನ ಅಳತೆಗೆ ಬಂದೈತಂತೆ. ಎದೆ ಚೆನ್ನಾಗಿ ಕೆಲ್ಸ ಮಾಡ್ತೈತಂತೆ. ಇನ್ಮೇಲೆ ಎಲ್ಲಾರಂಗೆ ಇರಮ್ಮ ಅಂದ್ರು."

"ಮತ್ತೆ ಈ ಗಂಟು?"

ಅಕ್ಕ ಸೆರಗಿನ ತುದಿ ತಿರುಚಿದಳು. "ಟೀವೀಲಿ ಧಾರಾವಾಹಿ ಬತ್ತಿತ್ತು. ಸೊಸೇನ ಮನೆಯಿಂದ ಆಚೆ ಹಾಕ್ತಿದ್ರು. ಕೋಲು ಬಿಟ್ಟು ನೋಡ್ತಾ ನಿಂತ್ಬಿಟ್ಟೆ."

"ಉಸಿರು ಕಟ್ಟಿ ನಿಂತಿದ್ದಲ್ವಾ?"

"ಉಸಿರೂ ಇಲ್ಲ, ಗಿಸಿರೂ ಇಲ್ಲ. ಬರೀ ಸೋಮಾರಿತನ ಕಣೋ." ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. "ಅವತ್ತೆಲ್ಲ ಸುಳ್ಳುಸುಳ್ಳೇ ಸೋಮಾರಿ ಅಂತಿದ್ದೆ ನೀನು. ಇವತ್ತು ನಿಜ ಐತೆ. ಈಗ ಅನ್ನು ನೋಡಣ."

ಬಾಯಿ ತೆರೆದೆ. ಬರಲಿಲ್ಲ. ಊರಿಗೆಲ್ಲ ಮಾತು ಹಂಚುವ ನನಗೆ ಆ ಒಂದು ಪದ ಹೊರಡಲಿಲ್ಲ, ಕಣ್ಣಲ್ಲಿ ಬಳಬಳ ನೀರು. ಗಂಟನ್ನು ತುತ್ತಿಗೆ ಸೇರಿಸಿ ಭಾವನ ಹಾಗೆ ನುಂಗಿದೆ.

ಅಷ್ಟರಲ್ಲಿ ಫೋನ್ ಬಂತು. ಅವ್ವ. "ಗಂಟಿತ್ತೇನೋ?"

"ಒಂದಿತ್ತು ಕಣವ್ವ" ಎಂದೆ. ಅಕ್ಕ ನನ್ನ ಎಂಜಲು ಕೈಯಿಂದ ಫೋನ್ ಕಿತ್ತುಕೊಂಡು, "ಅವ್ವಾ, ಎದೆ ನೆಟ್ಟಗೈತಂತೆ. ಟೀವಿ ನೋಡ್ತಾ ತಿರುವ್ದೆ, ಅದಕ್ಕೇ ಗಂಟಾಯ್ತು" ಎಂದು ಕೂಗಿದಳು.

ಯಗಟಿಯಿಂದ ಅವ್ವ ಬೈದದ್ದು ನಾನು ಕೂತಲ್ಲಿಗೇ ಕೇಳಿಸಿತು: "ಥೂ, ಸೋಮಾರಿ ಮುಂಡೇದೇ!"

ಅಕ್ಕ ನಕ್ಕಳು. ಎದೆಯ ಮೇಲೆ ಕೈ ಇಟ್ಟುಕೊಳ್ಳಲಿಲ್ಲ. ಎರಡು ಸಲ ನಕ್ಕು ನಿಲ್ಲಿಸಲೂ ಇಲ್ಲ. ಏನಾಯಿತೋ ಎಂದು ಭಾವ ಗಿರಣಿ ನಿಲ್ಲಿಸಿ ಒಳಗೆ ಬಂದರು, ಆಗಲೂ ನಗುತ್ತಲೇ ಇದ್ದಳು.