ಹಾಲಮ್ಮ ಟೀಚರ ದಾರಿ ಕಾರ್ಡುಗಳು

ಹಾಲಮ್ಮ ಟೀಚರ ಎದುರು ಯಾರೂ ‘ಇಲ್ಲೇ ಹತ್ತಿರ’ ಎನ್ನುವಂತಿರಲಿಲ್ಲ. ಹಾಗಂದರೆ ಅಂದವರ ಕಥೆ ಮುಗಿದ ಹಾಗೆಯೇ. ಟೀಚರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, “ಹತ್ತಿರ ಅಂದ್ರೆ ಎಷ್ಟು? ಯಾರ ಕಾಲಿಗೆ ಹತ್ತಿರ? ಮಗು ಎತ್ಕೊಂಡಿರೋಳ ಕಾಲಿಗೋ, ಕೈ ಬೀಸ್ಕೊಂಡು ಹೋಗೋ ಗಂಡಸಿನ ಕಾಲಿಗೋ?” ಎಂದು ಶುರು ಮಾಡಿದರೆ ಎದುರಿಗಿದ್ದವರು ಬಂದ ಕೆಲಸವನ್ನೇ ಮರೆಯುತ್ತಿದ್ದರು. ‘ಸುಮಾರು’, ‘ಸ್ವಲ್ಪ ದೂರ’, ‘ಅಲ್ಲಿ ಹೋಗಿ ಯಾರನ್ನಾದ್ರೂ ಕೇಳಿ’ ಎಂಬ ಮಾತುಗಳೆಲ್ಲ ಅವರ ಕಿವಿಗೆ ಬೈಗುಳಗಳು.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಭದ್ರಾವತಿಯಲ್ಲಿ ಒಂದು ಕಮಿಟಿ ನಡೆಸುತ್ತಿದ್ದ ಹುಡುಗಿಯರ ಶಾಲೆಯಲ್ಲಿ ಅವರು ಭೂಗೋಳದ ಟೀಚರು, ನಾನು ಆಗಷ್ಟೇ ಸೇರಿದ್ದ ಹೊಲಿಗೆ ಟೀಚರು. ಅವರ ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಸೀರೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು. ಮೊದಲ ದಿನ ನೋಡಿ ನಗು ಬಂದಿತ್ತು. ನಕ್ಕಿದ್ದಕ್ಕೆ, “ನಗು ನಗು, ಗುಡ್ಡ ಹತ್ತೋವಾಗ ನಿನ್ನ ಚಪ್ಪಲಿ ಉಂಗುಷ್ಟ ಕಿತ್ತು ಹೋಗ್ಲಿ, ಆಗ ನಾನು ನಗ್ತೀನಿ” ಅಂದರು.

ಆಫ್ರಿಕಾದ ನದಿಗಳನ್ನೆಲ್ಲ ಬಾಯಿಪಾಠ ಒಪ್ಪಿಸುವ ಹುಡುಗಿಯರಿಗೆ, ತಾವು ದಿನಾ ನೀರು ಕುಡಿಯುವ ಭದ್ರಾ ಎಲ್ಲಿ ತುಂಗೆಯನ್ನು ಸೇರುತ್ತದೆಂದು ತಿಳಿದಿರಲಿಲ್ಲ. ಟೀಚರಿಗೆ ಅದೇ ಸಿಟ್ಟು. ಆ ಸಿಟ್ಟಿನಲ್ಲೇ ಒಂದು ವರ್ಷ ಇಡೀ ತರಗತಿಯನ್ನು ಹೊಳೆಹೊನ್ನೂರಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಅಲ್ಲಿಂದ ಎರಡೂ ನದಿ ಸೇರುವ ಕೂಡಲಿಗೆ ನಡೆಸಿದರು. ಎಲ್ಲರಿಗಿಂತ ನಿಧಾನ ನಡೆಯುವವಳನ್ನೇ ಮುಂದೆ ಬಿಟ್ಟು ಉಳಿದವರನ್ನು ಹಿಂದೆ ಹಾಕುವುದು ಅವರ ಕ್ರಮ. “ಚುರುಕಾಗಿರೋಳು ಮುಂದೆ ಹೋದ್ರೆ ಅವಳೊಬ್ಬಳೇ ಊರು ಸೇರ್ತಾಳೆ. ಇವಳು ಮುಂದಿದ್ರೆ ಎಲ್ರೂ ಸೇರ್ತೀವಿ” ಎನ್ನುತ್ತಿದ್ದರು.

ಆದರೆ ಅವರ ನಿಜವಾದ ಸಂಪತ್ತು ಭೂಗೋಳದ ಕೋಣೆಯ ಬೀರುವಿನಲ್ಲಿತ್ತು. ಆಗ ಅಂಚೆಯಲ್ಲಿ ಜೋಡಿ ಕಾರ್ಡು ಸಿಗುತ್ತಿತ್ತು. ಒಂದರಲ್ಲಿ ನಮ್ಮ ಪ್ರಶ್ನೆ, ಅದಕ್ಕೇ ಅಂಟಿಕೊಂಡ ಇನ್ನೊಂದು ಉತ್ತರಕ್ಕೆ ಖಾಲಿ. ಹಾಲಮ್ಮ ಟೀಚರು ಇವನ್ನು ಜೋಗಕ್ಕೆ, ಆಗುಂಬೆಗೆ, ಕೊಡಚಾದ್ರಿ ದಾರಿಯ ನಗರ ಎಂಬ ಊರಿಗೆ, ಹೆಸರೇ ಕೇಳದ ಹಳ್ಳಿಗಳಿಗೆ ಹಾಕುತ್ತಿದ್ದರು. ಪೋಸ್ಟ್ ಮಾಸ್ತರಿಗೆ, ಬಸ್ ಏಜೆಂಟರಿಗೆ, ಫಾರೆಸ್ಟ್ ಗಾರ್ಡಿಗೆ. ಹಳ್ಳಕ್ಕೆ ಸಂಕ ಇದೆಯೇ, ಅಂದರೆ ದಾಟಲು ಮರದ ದಿಮ್ಮಿ ಹಾಕಿದ್ದಾರೆಯೇ? ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಯಾವ ತಿಂಗಳಲ್ಲಿ ನಿಲ್ಲುತ್ತದೆ? ಹೆಂಗಸರು ಉಳಿಯಲು ಜಾಗವುಂಟೇ? ಬಂದ ಉತ್ತರಗಳಿಗೆ ಮೂಲೆಯಲ್ಲಿ ತೂತು ಮಾಡಿ, ಒಂದೊಂದು ದಾರಿಯದನ್ನು ಒಂದೊಂದು ದಾರದಲ್ಲಿ ಪೋಣಿಸಿ, ಹೊಸದನ್ನು ಮೇಲೆ ಹಳೆಯದನ್ನು ಕೆಳಗೆ ಕಟ್ಟಿಡುತ್ತಿದ್ದರು. ಯಾರು ಕೇಳಿದರೂ ಎಲ್ಲವನ್ನೂ ನೋಡಿ ಒಂದು ಹಾಳೆಯಲ್ಲಿ ದಾರಿಪಟ್ಟಿ ಬರೆದು, ಕೆಳಗೆ ಸಹಿ ಹಾಕಿ ಕೊಡುವುದು. ಒಂದು ಕಾಸೂ ತೆಗೆದುಕೊಳ್ಳುತ್ತಿರಲಿಲ್ಲ.

ಕಬ್ಬಿಣದ ಕಾರ್ಖಾನೆಯ ಮುರುಗೇಶ ಒಮ್ಮೆ ಬಂದ. ಊರಿಂದ ಅತ್ತೆ ಬಂದಿದ್ದಾರೆ, ಜೋಗ ತೋರಿಸಬೇಕು. “ಅತ್ತೆ ಎಷ್ಟು ಮೆಟ್ಟಿಲು ಇಳೀತಾರೆ?” ಎಂದು ಟೀಚರು ಕೇಳಿದರು. “ಅದೆಲ್ಲಾ ತೆರಿಯಾದು, ಗೊತ್ತಿಲ್ಲ ಟೀಚರಮ್ಮಾ.” “ಹಾಗಾದ್ರೆ ಮನೆಗೆ ಹೋಗಿ ಅತ್ತೇನ ಮೆಟ್ಟಿಲು ಹತ್ತಿಸಿ, ಇಳಿಸಿ, ನೋಡ್ಕೊಂಡು ಬಾ.” ಅವನು ನಿಜವಾಗಿಯೂ ಹಾಗೆ ಮಾಡಿ ಮರುದಿನ ಬಂದು ಲೆಕ್ಕ ಒಪ್ಪಿಸಿದ. ಅತ್ತೆ ಜೋಗ ನೋಡಿ ಬಂದು ಟೀಚರಿಗೆ ಮುರುಕು ಕಳಿಸಿದರು.

ಇಂಥ ಟೀಚರು ಎರಡು ವರ್ಷ ಕೂತು ಸಿದ್ಧಪಡಿಸಿದ್ದು ನಮ್ಮ ಹುಡುಗಿಯರ ಕೊಡಚಾದ್ರಿ ಪ್ರವಾಸವನ್ನು. ಯಾವ ಬಸ್ಸು, ಎಲ್ಲಿ ಇಳಿಯುವುದು, ಎಲ್ಲಿ ನೀರು, ಗುಡ್ಡದ ಮೇಲೆ ಯಾರ ಮನೆಯಲ್ಲಿ ಊಟ, ಎಲ್ಲ ಖಚಿತ. ಹುಡುಗಿಯರು ಚೀಲ ಹೊಲಿದುಕೊಂಡಿದ್ದರು, ನಾನೇ ಹೇಳಿಕೊಟ್ಟಿದ್ದೆ. ಹೊರಡಲು ಹದಿನೈದು ದಿನವಿದೆ ಎನ್ನುವಾಗ ಕಮಿಟಿಯ ಸೆಕ್ರೆಟರಿ, ಹಲ್ಲಿನ ಸಂದಿಯ ಅಡಿಕೆ ತೆಗೆಯುತ್ತಾ, “ಹೆಣ್ಣುಮಕ್ಳಿಗೆ ಗುಡ್ಡ ಯಾಕಮ್ಮ? ನಾಳೆ ಹೆಚ್ಚುಕಮ್ಮಿ ಆದ್ರೆ ಯಾರು ಮದುವೆ ಆಗ್ತಾರೆ?” ಎಂದು ಅನುಮತಿ ಕೇಳಿದ್ದ ಕಾಗದ ವಾಪಸ್ ತಳ್ಳಿದರು. ಆ ತಳ್ಳಿದ ಕೈ ನೆನಪಾದರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ.

ಅದೇ ವಾರ ಶಿವಮೊಗ್ಗದ ಒಂದು ಹುಡುಗರ ಶಾಲೆಯ ಡ್ರಿಲ್ ಮಾಸ್ತರು ಬಂದರು. ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ಕೊರಳಲ್ಲಿ ಸೀಟಿ. ತಮ್ಮ ಹುಡುಗರನ್ನು ಕೊಡಚಾದ್ರಿಗೆ ಕರೆದೊಯ್ಯುತ್ತಾರಂತೆ. ಕಳಿಸಿದ್ದು ನಮ್ಮ ಸೆಕ್ರೆಟರಿಯೇ! “ಹೇಗೂ ನಿಮ್ಮದು ಕ್ಯಾನ್ಸಲ್ ಆಯ್ತಂತಲ್ಲ, ಆ ಕಾರ್ಡುಗಳ ವಿವರ ಕೊಟ್ಟುಬಿಡಿ ಮೇಡಂ” ಎಂದು ನಕ್ಕರು.

ಟೀಚರು ಬೀರು ತೆರೆದರು. ಮಾಸ್ತರು ಕಾಫಿಗೆಂದು ಆಚೆ ಹೋದಾಗ ಜಗಳಕ್ಕೇ ನಿಂತೆ.

“ನಿಮಗೆ ರೋಷ ಇಲ್ವಾ ಟೀಚರ್? ನಮ್ಮ ಹುಡುಗೀರು ಮನೇಲಿ ಕೂತ್ಕೋಬೇಕು, ನಮ್ಮ ದಾರೀಲಿ ಇವ್ರು ಹೋಗ್ಬೇಕಾ?”

“ಇದೆ. ಬೇಕಾದಷ್ಟಿದೆ. ಅದನ್ನ ಸೆಕ್ರೆಟರಿ ಮೇಲೆ ತೋರಿಸ್ತೀನಿ. ದಾರಿ ಕೇಳಿದೋರ ಮೇಲೆ ಯಾಕೆ? ನಿನ್ನ ಅಕ್ಷರ ಚೆನ್ನಾಗಿದೆ, ಸರೋಜ, ಪಟ್ಟಿ ನೀನೇ ಬರೆದು ಕೊಡು.”

ಬರೆದೆ. ನಗರದ ಬಸ್ ಏಜೆಂಟರಿಂದ ಹಿಂದಿನ ದಿನವಷ್ಟೇ ಒಂದು ಹೊಸ ಕಾರ್ಡು ಬಂದು ಕಟ್ಟಿನ ಮೇಲಿತ್ತು: ‘ಭಾನುವಾರ ಸಂಜೆಯ ಶಿವಮೊಗ್ಗ ಬಸ್ಸು ನಿಂತಿದೆ. ಸೋಮವಾರ ಬೆಳಿಗ್ಗೆಯೇ ಬಸ್ಸು.’ ಅದರ ಕೆಳಗಿನ ಹಳೆಯ ಕಾರ್ಡಿನಲ್ಲಿ ಭಾನುವಾರ ನಾಲ್ಕಕ್ಕೆ ಬಸ್ಸಿತ್ತು. ನಾನು ಹಳೆಯದನ್ನು ಬರೆದೆ. ಹೊಸದನ್ನು ದಾರದಿಂದ ಬಿಡಿಸಿ ನನ್ನ ಚೀಲಕ್ಕೆ ಹಾಕಿಕೊಂಡೆ. ಆ ಇಸ್ತ್ರಿ ಚಡ್ಡಿ ಒಂದು ರಾತ್ರಿ ನಗರದ ಬಸ್ ಕಟ್ಟೆಯ ಮೇಲೆ ಕೂತು ಮುದುಡಲಿ. ನನ್ನ ಮನಸ್ಸಿನಲ್ಲಿದ್ದದ್ದು ಅಷ್ಟೇ. ಟೀಚರು ನನ್ನ ಮೇಲಿನ ನಂಬಿಕೆಯಿಂದ, ಪಟ್ಟಿಯನ್ನು ಓದಿಯೂ ನೋಡದೆ ಸಹಿ ಹಾಕಿದರು.

ಹುಡುಗರು ಗುಡ್ಡದಿಂದ ಸುಖವಾಗಿಯೇ ಇಳಿದರು. ಭಾನುವಾರ ಸಂಜೆ ಬಸ್ಸು ಬರಲಿಲ್ಲ. ಸೋಮವಾರ ಶಾಲೆಯಿದೆಯೆಂದು ಮಾಸ್ತರು ನಾಟಾ ಲಾರಿಯೊಂದನ್ನು ನಿಲ್ಲಿಸಿ, ದಿಮ್ಮಿಗಳ ಮೇಲೆ ಎಲ್ಲರನ್ನೂ ಹತ್ತಿಸಿದರು. ಒಂದು ತಿರುವಿನಲ್ಲಿ ದಿಮ್ಮಿ ಜರುಗಿತು. ಒಬ್ಬ ಹುಡುಗನ ಬಲಗೈ ಅದರಡಿ ಸಿಕ್ಕಿಕೊಂಡಿತು. ಪ್ರಾಣ ಉಳಿಯಿತು, ಕೈ ನೆಟ್ಟಗಾಗಲಿಲ್ಲ. ಆ ವರ್ಷ ಅವನು ಪರೀಕ್ಷೆಗೆ ಕೂರಲಿಲ್ಲ.

ಕಮಿಟಿ ಸೇರಿತು. ನನ್ನ ದುಂಡು ಅಕ್ಷರದ ಪಟ್ಟಿ ಮೇಜಿನ ಮೇಲೆ. ಹುಡುಗರನ್ನು ದಿಮ್ಮಿ ಮೇಲೆ ಕೂರಿಸಿದ ಮಾಸ್ತರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಸೆಕ್ರೆಟರಿ ಪಟ್ಟಿಯನ್ನು ಬೆರಳಿನಿಂದ ಕುಟ್ಟುತ್ತಾ, “ಇದೇನಮ್ಮ ನಿಮ್ಮ ಭೂಗೋಳ?” ಅಂದರು. ಟೀಚರು ಎದ್ದು ನಿಂತು, “ಸಹಿ ನಂದು. ನೋಡ್ದೆ ಹಾಕಿದ್ದು ನನ್ನ ತಪ್ಪು” ಎಂದು ಕೂತರು. ಮೂರು ಗಂಟೆ ಹೊತ್ತು ಆ ಜನ ಅವರನ್ನು ಹರಿದು ತಿಂದರು. ನಾನು ಪಕ್ಕದ ಕುರ್ಚಿಯಲ್ಲಿ ಸೆರಗಿನ ತುದಿ ಸುತ್ತುತ್ತಾ ಕೂತಿದ್ದೆ. ಕೆಲಸ ಹೋಗುತ್ತದೆಂಬ ಭಯ ಎಂದು ಎಷ್ಟೋ ವರ್ಷ ಹೇಳಿಕೊಂಡೆ. ಸುಳ್ಳು. ನಾನು ಹೇಡಿ, ಅಷ್ಟೇ.

ಬೀರುವಿನ ಕಾರ್ಡುಗಳನ್ನೆಲ್ಲ ಬಚ್ಚಲು ಒಲೆಗೆ ಹಾಕಿಸಿದರು. ಟೀಚರನ್ನು ಹೊಳೆಹೊನ್ನೂರಿನ ತಮ್ಮ ಇನ್ನೊಂದು ಶಾಲೆಗೆ, ಒಂದನೇ ತರಗತಿಗೆ ಅ ಆ ಇ ಈ ಕಲಿಸಲು ಕಳಿಸಿದರು.

ಎರಡು ವರ್ಷ ತಡೆದು ಒಂದು ಶನಿವಾರ ಹೋದೆ. ಶಾಲೆಯ ಜಗಲಿಯಲ್ಲಿ ಸ್ಲೇಟುಗಳನ್ನು ಒರೆಸುತ್ತಿದ್ದರು. ಕುಡಿಯಲು ನೀರು ಕೊಟ್ಟರು. ಆ ಕಾರ್ಡನ್ನು ಅವರ ಮುಂದಿಟ್ಟೆ.

“ಗೊತ್ತಿತ್ತು,” ಅಂದರು. “ಅದಕ್ಕೆ ದಾರ ಕಟ್ಟಿದ್ದು ನಾನೇ. ಪಟ್ಟಿ ಬರೆದಿದ್ದು ನೀನು. ಇನ್ಯಾರು ತೆಗೀತಾರೆ?”

“ಮತ್ತೆ ಆವತ್ತು ಯಾಕೆ ಹೇಳ್ಲಿಲ್ಲ ಟೀಚರ್?”

“ನೀನು ಹೇಳ್ತೀಯ ಅಂತ ಕಾಯ್ತಿದ್ದೆ, ಮಾರಾಯ್ತಿ.” ಸ್ಲೇಟನ್ನು ಪಕ್ಕಕ್ಕೆ ಕುಕ್ಕಿದರು. “ಮೂರು ಗಂಟೆ ಕಾದೆ!”

ಕ್ಷಮಿಸಿ ಅಂದೆ. ಅವರ ಮುಖ ಕೆಂಪಾಯಿತು.

“ನನ್ನ ಹತ್ರ ಕೇಳ್ಬೇಡ. ನನ್ನ ಕೈ ನೆಟ್ಟಗಿದೆ. ಆ ಹುಡುಗನ ಮನೆಗೆ ಹೋಗಿದ್ಯಾ?”

“ಇಲ್ಲ. ಎಲ್ಲಿ ಅಂತಾನೂ ಗೊತ್ತಿಲ್ಲ. ನೀವು ಹೋಗಿದ್ರಾ?”

“ತಿಂಗಳಿಗೊಂದ್ಸಲ ಹೋಗ್ತೀನಿ. ಸಹಿ ನಂದಲ್ವಾ?”

ಒಂದು ಹಾಳೆ ಹರಿದು ಬರೆಯತೊಡಗಿದರು. ಶಿವಮೊಗ್ಗ ಸ್ಟೇಷನ್ನಿನಿಂದ ಯಾವ ಬೀದಿ, ಎಲ್ಲಿ ಎಡಕ್ಕೆ, ಯಾವ ಸೇದುವ ಬಾವಿ, ಅದರಾಚೆ ಮೂರನೇ ಮನೆ. ತಾಯಿ ಮಧ್ಯಾಹ್ನ ಎರಡರ ಮೇಲೆ ಸಿಗುತ್ತಾರೆ. ನಾಯಿ ಇದೆ, ಕಚ್ಚುವುದಿಲ್ಲ. ನನ್ನ ಕೈಗಿಟ್ಟು, “ಭದ್ರಾವತಿ ಬಸ್ಸು ಐದೂಕಾಲಿಗೆ. ಹೊರಡು” ಎಂದು ಒಳಗೆ ಹೋದರು.

ಅದೇ ಕೊನೆ. ಆಮೇಲೆ ನಾನು ಎರಡು ಜೋಡಿ ಕಾರ್ಡು ಹಾಕಿದೆ. ಉತ್ತರದ ಅರ್ಧ ಬರಲಿಲ್ಲ. ಮರುವರ್ಷ ಅವರು ತೀರಿಹೋದ ಸುದ್ದಿ ಬಂತು.

ಆ ಭಾನುವಾರ, ಅವರನ್ನು ಕಂಡ ಮರುದಿನ, ಎರಡು ಗಂಟೆ ದಾಟಿದ ಮೇಲೆ ಶಿವಮೊಗ್ಗ ಸ್ಟೇಷನ್ನಿನಿಂದ ಹಾಳೆ ಹಿಡಿದು ಹೊರಟೆ. ಬಾವಿ ಇತ್ತು. ಮೂರನೇ ಮನೆ ಇತ್ತು. ನಾಯಿ ಎದ್ದು ನೋಡಿ ಮತ್ತೆ ಮಲಗಿತು. ಬಾಗಿಲು ತಟ್ಟಿದೆ. ತೆರೆದದ್ದು ತಾಯಿಯಲ್ಲ, ಆ ಹುಡುಗ. ಒಳಗಿನ ಚಿಲಕವನ್ನು ಎಡಗೈಯಲ್ಲಿ ತೆಗೆಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.